ಉಸಿರಿನ ಸಾಕ್ಷ್ಯ

ಕುಡಿದು ವಾಹನ ನಡೆಸಿದ ಅಪರಾಧಕ್ಕಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಶಿಕ್ಷೆಗೊಳಗಾದವನೊಬ್ಬನು, ದಂಡ ತೆತ್ತು, ಪರವಾನಗಿಯ ಅಮಾನತಿನ ಕಾಲವನ್ನು ಕಳೆದು, ಮರಳಿ ತನ್ನ ಕಾರಿನಲ್ಲಿ ಕುಳಿತು ಕೀಲಿಯನ್ನು ತಿರುಗಿಸಿದರೆ, ಅನೇಕ ವೇಳೆ ಎಂಜಿನ್ನು ಒಡನೆಯೇ ಹೊರಡುವುದಿಲ್ಲ. ಸ್ಟಿಯರಿಂಗಿನ ಪಕ್ಕದಲ್ಲಿ ಸುರುಳಿತಂತಿಯ ತುದಿಗೆ ತೂಗುಬಿದ್ದಿರುವ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಉಪಕರಣವೊಂದು ಮೊದಲು ಅವನ ಉಸಿರನ್ನು ಕೇಳುತ್ತದೆ. ಅದರ ಕೊಳವೆಗೆ ಬಾಯಿಟ್ಟು, ಎದೆಯ ತಳದ ಗಾಳಿಯೂ ಹೊರಬರುವಂತೆ, ಸುಮಾರು ಒಂದೂವರೆ ಲೀಟರಿನಷ್ಟನ್ನು ಒಂದೇ ಸಮನೆ ಅವನು ಊದಿದ ಮೇಲೆ, ಆ ಉಸಿರಿನಲ್ಲಿ ಮದ್ಯಸಾರದ ಅಂಶವು ಗೊತ್ತುಪಡಿಸಿದ ಮಿತಿಗಿಂತ ಕೆಳಗಿದ್ದರೆ ಯಂತ್ರವು ಸ್ಟಾರ್ಟರ್ ಮೋಟಾರಿಗೆ ವಿದ್ಯುತ್ತನ್ನು ಹರಿಯಗೊಡುತ್ತದೆ, ಮೇಲಿದ್ದರೆ ಇಲ್ಲ. ಇಗ್ನಿಷನ್ ಇಂಟರ್‌ಲಾಕ್ ಎಂದು ಹೆಸರಾದ ಈ ಉಪಕರಣವು ಇಂದು ಆ ದೇಶದ ಐವತ್ತು ಸಂಸ್ಥಾನಗಳ ಕಾನೂನುಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಸ್ಥಾನ ಪಡೆದಿದೆ.

ಇಂಥ ಉಪಾಯಕ್ಕೆ ಕೈಹಾಕಬೇಕಾದ ಅವಶ್ಯಕತೆ ಏನಿತ್ತೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. 2022ರಲ್ಲಿ ಆ ದೇಶದ ರಸ್ತೆಗಳಲ್ಲಿ, ಕಾನೂನಿನ ಮಿತಿಯನ್ನು ಮೀರಿ ಕುಡಿದಿದ್ದ ಚಾಲಕನು ಭಾಗಿಯಾಗಿದ್ದ ಅಪಘಾತಗಳಲ್ಲಿ ಮಡಿದವರು 13,524 ಮಂದಿ. ಆ ವರ್ಷದ ಒಟ್ಟು ರಸ್ತೆಮರಣಗಳಲ್ಲಿ ಇದು ಮೂರನೆಯ ಒಂದು ಪಾಲಿಗೆ ಸಮೀಪವಾದದ್ದು. ಕಾನೂನಿಗೆ ಬಹುಕಾಲದಿಂದ ತಿಳಿದಿದ್ದ ಪರಿಹಾರವೆಂದರೆ ಪರವಾನಗಿಯನ್ನು ಕಸಿದುಕೊಳ್ಳುವುದು. ಆದರೆ ಕಾಗದವನ್ನು ಕಸಿದುಕೊಂಡರೇನು, ಕಾರು ಮನೆಯ ಮುಂದೆಯೇ ನಿಂತಿರುತ್ತದೆ. ಕೆಲವು ಮಹಾನಗರಗಳನ್ನು ಬಿಟ್ಟರೆ ಬಸ್ಸಿನ ಸೌಕರ್ಯ ಸಾಕಷ್ಟಿಲ್ಲದ ಆ ವಿಶಾಲ ದೇಶದಲ್ಲಿ, ಉದ್ಯೋಗಕ್ಕೂ ಅಂಗಡಿಗೂ ಆಸ್ಪತ್ರೆಗೂ ಕಾರನ್ನೇ ನೆಚ್ಚಿಕೊಂಡ ಮನುಷ್ಯನು ಪರವಾನಗಿಯಿಲ್ಲದೆಯೇ ಅದನ್ನು ಹೊರತೆಗೆಯುತ್ತಾನೆಂಬುದು ಪೊಲೀಸರಿಗೂ ನ್ಯಾಯಾಧೀಶರಿಗೂ ಚೆನ್ನಾಗಿ ತಿಳಿದ ವಿಷಯವಾಗಿತ್ತು. ಚಾಲಕನನ್ನು ಕಾರಿನಿಂದ ಬೇರ್ಪಡಿಸಲಾಗದಿದ್ದರೆ ಮದ್ಯವನ್ನಾದರೂ ಕಾರಿನಿಂದ ಬೇರ್ಪಡಿಸಬಹುದೇ ಎಂಬ ಪ್ರಶ್ನೆಯಿಂದ ಈ ಯಂತ್ರದ ಕಥೆ ಆರಂಭವಾಗುತ್ತದೆ.

ಬಾಯಿಂದ ಹೊರಟ ಗಾಳಿಯು ರಕ್ತದೊಳಗಿನ ಸಮಾಚಾರವನ್ನು ಹೇಳಬಲ್ಲುದೆಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುವುದಾದರೂ, ಮದ್ಯಸಾರದ ಸ್ವಭಾವವನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವಿಲ್ಲ. ನಾವು ಉಣ್ಣುವ ಅನ್ನ, ಬೇಳೆ, ತುಪ್ಪಗಳು ಜೀರ್ಣಾಂಗಗಳ ರಸಗಳಿಂದ ಒಡೆದು ಬೇರೆ ರೂಪ ತಾಳಿದಲ್ಲದೆ ರಕ್ತವನ್ನು ಸೇರಲಾರವು. ಮದ್ಯಸಾರಕ್ಕೆ ಅಂಥ ಸಂಸ್ಕಾರವೇನೂ ಬೇಕಿಲ್ಲ. ಅದರ ಅಣು ಕಿರಿದು, ನೀರಿನಲ್ಲಿ ಪೂರ್ಣವಾಗಿ ಬೆರೆಯುವಂಥದು; ಸುಮಾರು ಐದರಲ್ಲೊಂದು ಪಾಲು ಜಠರದ ಗೋಡೆಯ ಮೂಲಕವೂ ಉಳಿದದ್ದು ಸಣ್ಣ ಕರುಳಿನ ಮೂಲಕವೂ ಇದ್ದ ರೂಪದಲ್ಲಿಯೇ ರಕ್ತಕ್ಕೆ ನುಸುಳಿ, ದೇಹದಲ್ಲಿ ನೀರಿರುವೆಡೆಯೆಲ್ಲ, ಮೆದುಳನ್ನೂ ಬಿಡದೆ, ಹರಡಿಕೊಳ್ಳುತ್ತದೆ. ಹೊಟ್ಟೆ ತುಂಬ ಉಂಡವನಿಗೆ ಅಮಲು ನಿಧಾನವಾಗಿ ಏರುವುದು ಅನ್ನವು ಮದ್ಯವನ್ನು ಹೀರಿಕೊಳ್ಳುತ್ತದೆಂಬ ಕಾರಣದಿಂದಲ್ಲ. ತುಂಬಿದ ಜಠರದ ಕೆಳಬಾಗಿಲು ತಡವಾಗಿ ತೆರೆಯುವುದರಿಂದ ಮದ್ಯವು ಕರುಳನ್ನು ಮುಟ್ಟುವುದೂ ತಡವಾಗುತ್ತದೆ, ಅಷ್ಟೆ.

ಹೀಗೆ ಮದ್ಯಸಾರವನ್ನು ಹೊತ್ತ ರಕ್ತವು ಶ್ವಾಸಕೋಶಕ್ಕೆ ಬಂದಾಗ, ಅಲ್ಲಿನ ಕೋಟಿಗಟ್ಟಲೆ ಗಾಳಿಗೂಡುಗಳ ಅತಿ ತೆಳುವಾದ ಪೊರೆಯ ಒಂದು ಪಕ್ಕದಲ್ಲಿ ಅದೂ ಇನ್ನೊಂದು ಪಕ್ಕದಲ್ಲಿ ನಾವು ಸೇದಿದ ಗಾಳಿಯೂ ಇರುತ್ತವೆ. ದ್ರವದಲ್ಲಿ ಕರಗಿದ ಅನಿಲದ ಪ್ರಮಾಣಕ್ಕೂ ಆ ದ್ರವವನ್ನು ತಾಕಿಕೊಂಡಿರುವ ಗಾಳಿಯಲ್ಲಿ ಅದೇ ಅನಿಲದ ಪ್ರಮಾಣಕ್ಕೂ, ಉಷ್ಣತೆಯು ಬದಲಾಗದಿರುವತನಕ, ಒಂದು ಸ್ಥಿರವಾದ ಸಂಬಂಧವುಂಟೆಂದು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯು 1803ರಲ್ಲಿ ತೋರಿಸಿಕೊಟ್ಟಿದ್ದನು. ಮುಚ್ಚಿದ ಸೋಡಾ ಬಾಟಲಿಯಲ್ಲಿ ನೀರಿನೊಳಗಿನ ಅನಿಲವೂ ನೀರಿನ ಮೇಲಿನ ಅನಿಲವೂ ಒಂದನ್ನೊಂದು ತೂಗಿಕೊಂಡಿರುವಂತೆಯೇ, ಗಾಳಿಗೂಡಿನ ಪೊರೆಯ ಎರಡು ಪಕ್ಕಗಳಲ್ಲಿಯೂ ಮದ್ಯಸಾರವು ತೂಗಿಕೊಂಡಿರುತ್ತದೆ. ಹೊರಬರುವ ಉಸಿರಿನ ಉಷ್ಣತೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ, ಒಂದು ಮಿಲಿಲೀಟರು ರಕ್ತದಲ್ಲಿರುವಷ್ಟೇ ಮದ್ಯಸಾರವು 2,100 ಮಿಲಿಲೀಟರು ಉಸಿರಿನಲ್ಲಿ ಇರುತ್ತದೆಂಬುದು ವಿದ್ವಾಂಸರು ಒಪ್ಪಿ ಕಾನೂನಿಗೆ ಒಪ್ಪಿಸಿದ ಲೆಕ್ಕ. ಈ 2,100 ಎಂಬುದು ಎಲ್ಲರ ದೇಹಕ್ಕೂ ಎಲ್ಲ ಹೊತ್ತಿಗೂ ಸಲ್ಲುವ ಸಂಖ್ಯೆಯಲ್ಲ. ಬಹುಮಂದಿಯಲ್ಲಿ ನಿಜವಾದ ಅನುಪಾತವು ಇದಕ್ಕಿಂತ ಕೊಂಚ ಹೆಚ್ಚೇ ಇರುವುದರಿಂದ, ಉಸಿರಿನ ಪರೀಕ್ಷೆಯು ಸಾಮಾನ್ಯವಾಗಿ ರಕ್ತದ ನಿಜಾಂಶವನ್ನು ತುಸು ಕಡಮೆಯಾಗಿಯೇ ತೋರಿಸಿ, ಸಂದೇಹದ ಲಾಭವನ್ನು ಊದುವವನಿಗೇ ಬಿಟ್ಟುಕೊಡುತ್ತದೆ. ಈ ವಾದವಿವಾದದಿಂದ ಬೇಸತ್ತು ಅಲ್ಲಿನ ಶಾಸನಕಾರರು ಉಸಿರಿನಲ್ಲಿ ಇಷ್ಟು ಮದ್ಯಸಾರ ಇರುವುದೇ ಅಪರಾಧವೆಂದು ನೇರವಾಗಿ ಬರೆದುಬಿಟ್ಟರು.

ಸಂಖ್ಯೆಗಳು ಎಷ್ಟು ಸೂಕ್ಷ್ಮವಾದವೆಂಬುದನ್ನು ಇಲ್ಲಿ ಗಮನಿಸಬೇಕು. ಅಮೆರಿಕದ ಬಹುತೇಕ ಸಂಸ್ಥಾನಗಳಲ್ಲಿ ಅಪರಾಧದ ಮಿತಿಯು 100 ಮಿಲಿಲೀಟರು ರಕ್ತದಲ್ಲಿ 80 ಮಿಲಿಗ್ರಾಂ. ಯೂಟಾ ಸಂಸ್ಥಾನವೊಂದು ಮಾತ್ರ 2018ರ ಕೊನೆಯಲ್ಲಿ ಅದನ್ನು 50ಕ್ಕೆ ಇಳಿಸಿತು. ಇಂಟರ್‌ಲಾಕ್ ಯಂತ್ರಕ್ಕೆ ಕೇಂದ್ರ ಸರ್ಕಾರದ ಮಾದರಿ ನಿಯಮಗಳು ಗೊತ್ತುಪಡಿಸಿರುವ ಮಿತಿ 20. ಎಂದರೆ ಒಂದು ಲೀಟರು ಉಸಿರಿನಲ್ಲಿ ಒಂದು ಮಿಲಿಗ್ರಾಮಿನ ಹತ್ತನೆಯ ಒಂದಂಶಕ್ಕಿಂತಲೂ ಕಡಮೆ! ಯಂತ್ರವು ಆ ಒಂದು ಲೀಟರನ್ನೂ ಬಳಸಿಕೊಳ್ಳುವುದಿಲ್ಲ. ಊದುವಿಕೆಯ ಕೊನೆಯ ಭಾಗದಲ್ಲಿ, ಶ್ವಾಸಕೋಶದ ಆಳದಿಂದ ಬಂದ ಗಾಳಿಯಲ್ಲಿ, ಸುಮಾರು ಒಂದು ಘನ ಸೆಂಟಿಮೀಟರಿನಷ್ಟನ್ನು ಮಾತ್ರ ಒಳಕ್ಕೆ ಸೆಳೆದುಕೊಂಡು ಅದರಿಂದಲೇ ತೀರ್ಪು ಕೊಡುತ್ತದೆ.

ಈ ಜಾಣತನವು ಒಮ್ಮೆಗೇ ಕೈಗೂಡಿದ್ದಲ್ಲ. ಕುಡಿದವನ ಉಸಿರಿನಲ್ಲಿ ಮದ್ಯಸಾರ ಹೊರಬೀಳುವುದನ್ನು ಲಂಡನ್ನಿನ ವೈದ್ಯನಾದ ಫ್ರಾನ್ಸಿಸ್ ಆನ್ಸ್ಟಿಯು 1874ರಷ್ಟು ಹಿಂದೆಯೇ ಕ್ರೋಮಿಕ್ ಆಮ್ಲದ ಬಣ್ಣಬದಲಾವಣೆಯಿಂದ ಪತ್ತೆಮಾಡಿದ್ದನು. ಆದರೆ ಅವನ ಕುತೂಹಲವಿದ್ದುದು ದೇಹವು ಮದ್ಯವನ್ನು ಹೇಗೆ ವಿಲೇವಾರಿ ಮಾಡುತ್ತದೆಂಬುದರಲ್ಲಿ, ಕುಡುಕನನ್ನು ಹಿಡಿಯುವುದರಲ್ಲಿ ಅಲ್ಲ, ಹಿಡಿಯುವುದಕ್ಕೆ ಆಗ ಮೋಟಾರು ಗಾಡಿಗಳೂ ಇರಲಿಲ್ಲ. 1927ರಲ್ಲಿ ಲಾಸ್ ಏಂಜಲೀಸಿನ ಎಮಿಲ್ ಬೋಗೆನ್ ಎಂಬ ವೈದ್ಯನು ಕಾಲ್ಚೆಂಡಿನ ರಬ್ಬರು ಚೀಲದೊಳಕ್ಕೆ ರೋಗಿಗಳಿಂದ ಊದಿಸಿ, ಆ ಗಾಳಿಯನ್ನು ಗಂಧಕಾಮ್ಲ ಮತ್ತು ಪೊಟ್ಯಾಸಿಯಂ ಡೈಕ್ರೋಮೇಟಿನ ದ್ರಾವಣದ ಮೂಲಕ ಹಾಯಿಸಿ, ಕಿತ್ತಳೆಯಿಂದ ಹಸುರಿಗೆ ತಿರುಗುವ ಬಣ್ಣದಿಂದ ಅಮಲಿನ ಪ್ರಮಾಣವನ್ನು ಅಳೆದನು. ಇಂಡಿಯಾನಾ ವಿಶ್ವವಿದ್ಯಾನಿಲಯದ ರೋಲಾ ಹಾರ್ಗರ್ 1930ರ ದಶಕದಲ್ಲಿ, ಪರ್ಮಾಂಗನೇಟಿನ ಕೆನ್ನೇರಳೆ ಬಣ್ಣವು ಮಾಯವಾಗುವುದನ್ನೇ ಆಧಾರವಾಗಿಟ್ಟುಕೊಂಡು ಪೊಲೀಸರ ಬಳಕೆಗೆ ಯೋಗ್ಯವಾದ ಸಾಧನವನ್ನು ಮಾಡಿ ಅದಕ್ಕೆ ‘ಡ್ರಂಕೋಮೀಟರ್’ ಎಂದು ಹೆಸರಿಟ್ಟನು. 1954ರಲ್ಲಿ ಅದೇ ಸಂಸ್ಥಾನದ ಪೊಲೀಸು ಇಲಾಖೆಯ ರಾಬರ್ಟ್ ಬೋರ್ಕೆನ್‌ಸ್ಟೈನ್, ಬಣ್ಣದ ಬದಲಾವಣೆಯನ್ನು ಕಣ್ಣಿಗೆ ಬಿಡದೆ ಬೆಳಕಿನ ಕೋಶಕ್ಕೆ ಒಪ್ಪಿಸುವ ‘ಬ್ರೆತಲೈಜರ್’ ಯಂತ್ರವನ್ನು ನಿರ್ಮಿಸಿದನು; ಛಾಯಾಚಿತ್ರಣದಲ್ಲಿ ಪಳಗಿದವನಾದುದರಿಂದ ಬೆಳಕನ್ನು ಅಳೆಯುವುದು ಅವನಿಗೆ ಹೊಸದಾಗಿರಲಿಲ್ಲ. ಮುಂದೆ ಇದೇ ಬೋರ್ಕೆನ್‌ಸ್ಟೈನನು ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಲ್ಲಿ, ಅಪಘಾತಕ್ಕೀಡಾದ ಸಾವಿರಾರು ಚಾಲಕರ ಉಸಿರನ್ನು ಅದೇ ಜಾಗಗಳಲ್ಲಿ ಅಪಘಾತವಿಲ್ಲದೆ ಹಾದುಹೋದ ಸಾವಿರಾರು ಚಾಲಕರ ಉಸಿರಿನೊಡನೆ ಹೋಲಿಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನವೇ, ಮದ್ಯಾಂಶವು ಏರಿದಂತೆ ಅಪಘಾತದ ಸಂಭವವು ಹೇಗೆ ಕಡಿದಾಗಿ ಏರುತ್ತದೆಂಬುದಕ್ಕೆ ಕಾನೂನುಗಳು ಬಹುಕಾಲ ನೆಚ್ಚಿಕೊಂಡ ಪ್ರಮಾಣವಾಯಿತು.

ಆದರೆ ಆಮ್ಲದ ಸೀಸೆಗಳನ್ನು ಕಾರಿನಲ್ಲಿ ಕಟ್ಟಿಕೊಂಡು ತಿರುಗಲಾದೀತೇ? ಕಾರಿಗೆ ಹೊಂದುವ ಉಪಕರಣಕ್ಕೆ ಬೇಕಾದ ತತ್ತ್ವವು ಬೇರೊಂದು ದಿಕ್ಕಿನಿಂದ ಬಂದಿತು. ಜಲಜನಕ ಮತ್ತು ಆಮ್ಲಜನಕಗಳನ್ನು ಉರಿಸದೆಯೇ ಕೂಡಿಸಿ ವಿದ್ಯುತ್ತನ್ನು ಪಡೆಯಬಹುದೆಂದು ವೇಲ್ಸ್ ಪ್ರಾಂತದ ವಿಲಿಯಂ ಗ್ರೋವ್ 1839ರಲ್ಲಿಯೇ ತೋರಿಸಿದ್ದನು. ಇಂಧನ ಕೋಶವೆಂದು ಈಗ ಕರೆಯುವುದು ಇದನ್ನೇ. ಜಲಜನಕದ ಬದಲು ಮದ್ಯಸಾರದ ಆವಿಯನ್ನೇ ಇಂಧನವಾಗಿ ಕೊಟ್ಟರೆ, ಪ್ಲಾಟಿನಂ ಲೇಪಿಸಿದ ಬಿಲ್ಲೆಯ ಒಂದು ಮುಖದಲ್ಲಿ ಅದು ಉತ್ಕರ್ಷಣಗೊಂಡು ಅಸಿಟಿಕ್ ಆಮ್ಲವಾಗುತ್ತ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ತಂತಿಯ ಮೂಲಕ ಸುತ್ತಿ ಬಂದು ಇನ್ನೊಂದು ಮುಖದಲ್ಲಿ ಗಾಳಿಯ ಆಮ್ಲಜನಕವನ್ನು ಸೇರಿ ನೀರಾಗಲು ನೆರವಾಗುತ್ತವೆ. ಆ ತಂತಿಯಲ್ಲಿ ಹರಿದ ವಿದ್ಯುತ್ತಿನ ಮೊತ್ತವೇ ಮದ್ಯಸಾರದ ಮೊತ್ತಕ್ಕೆ ಅಳತೆ. ಅಪರಾಧಿಯ ಉಸಿರೇ ತನ್ನ ವಿರುದ್ಧ ಸಾಕ್ಷಿ ನುಡಿಯುವುದಕ್ಕೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಡುವ ಈ ವ್ಯವಸ್ಥೆಯನ್ನು ಕೈಯಲ್ಲಿ ಹಿಡಿಯುವ ಉಪಕರಣವಾಗಿಸಿ 1970ರ ದಶಕದಲ್ಲಿ ಬಳಕೆಗೆ ತಂದವರಲ್ಲಿ ವೇಲ್ಸ್‌ನವನೇ ಆದ ಟಾಮ್ ಪ್ಯಾರಿ ಜೋನ್ಸ್ ಮುಖ್ಯನು. ಮೊದಮೊದಲ ಇಂಟರ್‌ಲಾಕುಗಳಲ್ಲಿ ಇದಕ್ಕಿಂತ ಅಗ್ಗವಾದ, ಜಪಾನಿನ ತಾಗುಚಿ ಎಂಬವನು ರೂಪಿಸಿದ ಅರೆವಾಹಕ ಸಂವೇದಕಗಳನ್ನು ಇಡುತ್ತಿದ್ದರು; ಅವು ಮದ್ಯದ ಆವಿಗೂ ಸಿಗರೇಟಿನ ಹೊಗೆಗೂ ಭೇದವನ್ನು ಅಷ್ಟಾಗಿ ಎಣಿಸುತ್ತಿರಲಿಲ್ಲವಾದುದರಿಂದ 1990ರ ದಶಕದಲ್ಲಿ ಇಂಧನ ಕೋಶಕ್ಕೆ ಎಡೆಮಾಡಿಕೊಟ್ಟವು. ಮಧುಮೇಹಿಗಳ ಉಸಿರಿನಲ್ಲಿ ಬರುವ ಅಸಿಟೋನಿಗೆ ಇಂಧನ ಕೋಶವು ಮೋಸಹೋಗುವುದಿಲ್ಲವೆಂಬುದು ಅದರ ದೊಡ್ಡ ಗುಣ.

ಅಳೆಯುವ ಯಂತ್ರವನ್ನೂ ಓಡುವ ಯಂತ್ರವನ್ನೂ ಒಂದಕ್ಕೊಂದು ಬೆಸೆಯುವ ಮೊದಲ ಪ್ರಯತ್ನಗಳು ಉಸಿರಿನ ಗೊಡವೆಗೇ ಹೋಗಲಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ. 1970ರ ಆಸುಪಾಸಿನಲ್ಲಿ ಅಮೆರಿಕದ ತಂತ್ರಜ್ಞರು ಪರೀಕ್ಷಿಸಬಯಸಿದ್ದು ಚಾಲಕನ ಕೌಶಲವನ್ನು: ಒಂದು ಬಗೆಯಲ್ಲಿ, ಫಲಕದ ಮೇಲೆ ಮಿಂಚಿ ಮಾಯವಾಗುವ ಅಂಕಿಗಳನ್ನು ನೆನಪಿಟ್ಟುಕೊಂಡು ಗುಂಡಿಗಳನ್ನು ಒತ್ತಬೇಕು; ಇನ್ನೊಂದರಲ್ಲಿ, ಅತ್ತಿತ್ತ ಓಲಾಡುವ ಮುಳ್ಳನ್ನು ಸ್ಟಿಯರಿಂಗ್ ತಿರುಗಿಸಿ ನಡುವೆ ನಿಲ್ಲಿಸಬೇಕು. ತತ್ತ್ವತಃ ಇದೇ ಹೆಚ್ಚು ನ್ಯಾಯವೆಂದು ಯಾರಿಗಾದರೂ ತೋರೀತು, ಏಕೆಂದರೆ ಸಮಾಜಕ್ಕೆ ಬೇಕಾದುದು ಸಮರ್ಥನಾದ ಚಾಲಕ. ಆದರೆ ಕುಡಿತದಲ್ಲಿ ನುರಿತವನು ಆ ಪರೀಕ್ಷೆಯನ್ನು ಲೀಲಾಜಾಲವಾಗಿ ದಾಟಿಬಿಡುತ್ತಿದ್ದನು. ಹನಿ ಮುಟ್ಟದ ವೃದ್ಧನೊಬ್ಬನು ಅಲ್ಲಿಯೇ ಸಿಕ್ಕಿಬೀಳುತ್ತಿದ್ದನು. ಅದೇ ಕಾಲಕ್ಕೆ, ಸೀಟು ಬೆಲ್ಟನ್ನು ಬಿಗಿದಲ್ಲದೆ ಎಂಜಿನ್ನು ಹೊರಡಕೂಡದೆಂದು 1974ರ ಮಾದರಿಯ ಕಾರುಗಳಿಗೆಲ್ಲ ಸರ್ಕಾರವು ವಿಧಿಸಿದ್ದ ಕಟ್ಟಳೆಯು ಜನರನ್ನು ಎಷ್ಟು ರೊಚ್ಚಿಗೆಬ್ಬಿಸಿತೆಂದರೆ, ಅದೇ ವರ್ಷದ ಅಕ್ಟೋಬರಿನಲ್ಲಿ ಶಾಸನಸಭೆಯು ಅದನ್ನು ರದ್ದುಗೊಳಿಸಬೇಕಾಯಿತು. ತಪ್ಪು ಮಾಡದವನ ಕಾರಿಗೆ ಬೀಗ ಹಾಕುವುದನ್ನು ಆ ಜನ ಸಹಿಸರೆಂಬ ಪಾಠವನ್ನು ಅಧಿಕಾರಿಗಳು ಬಹುಕಾಲ ಮರೆಯಲಿಲ್ಲ. ಮುಂದೆ ಬಂದ ಉಸಿರಿನ ಇಂಟರ್‌ಲಾಕು ತಪ್ಪಿತಸ್ಥರ ಕಾರಿಗೆ ಮಾತ್ರ ಮೀಸಲಾದುದರ ಹಿಂದೆ ನ್ಯಾಯಬುದ್ಧಿಯೊಡನೆ ಈ ಭಯವೂ ಇದ್ದಿತೆಂದು ನನ್ನ ಊಹೆ.

ಕ್ಯಾಲಿಫೋರ್ನಿಯಾದ ಶಾಸನಸಭೆಯು 1986ರಲ್ಲಿ ನಾಲ್ಕು ಜಿಲ್ಲೆಗಳ ಮಟ್ಟಿಗೆ ಇದನ್ನು ಪ್ರಯೋಗಾರ್ಥವಾಗಿ ಅನುಮತಿಸಿತು. 1992ರಲ್ಲಿ ಕೇಂದ್ರದ ಸಾರಿಗೆ ಸುರಕ್ಷತಾ ಇಲಾಖೆಯು ಯಂತ್ರಕ್ಕೆ ಮಾದರಿ ಲಕ್ಷಣಗಳನ್ನು ಪ್ರಕಟಿಸಿ, 2013ರಲ್ಲಿ ಅವನ್ನು ಬಿಗಿಗೊಳಿಸಿತು. ಮೊದಲು ಈ ಶಿಕ್ಷೆ ಇದ್ದುದು ಪದೇ ಪದೇ ಸಿಕ್ಕಿಬಿದ್ದವರಿಗೆ. ಮೊದಲ ಸಲ ತಪ್ಪಿದವರಿಗೂ ಕಡ್ಡಾಯವೆಂದು 2005ರಲ್ಲಿ ನ್ಯೂ ಮೆಕ್ಸಿಕೋ ಸಂಸ್ಥಾನವು ಎಲ್ಲರಿಗಿಂತ ಮುಂಚೆ ವಿಧಿಸಿತು. ಮಗಳನ್ನು ಕುಡುಕ ಚಾಲಕನ ಕಾರಿಗೆ ಬಲಿಕೊಟ್ಟ ಕ್ಯಾಂಡೇಸ್ ಲೈಟ್ನರ್ 1980ರಲ್ಲಿ ಸ್ಥಾಪಿಸಿದ ತಾಯಂದಿರ ಸಂಘವು ಸಂಸ್ಥಾನದಿಂದ ಸಂಸ್ಥಾನಕ್ಕೆ ಈ ಕಾನೂನಿನ ಬೆನ್ನುಹತ್ತಿ ಹೋಯಿತು.

ಇನ್ನು ಯಂತ್ರವನ್ನು ವಂಚಿಸುವ ಉಪಾಯಗಳು. ಕುಡಿದವನು ತಾನು ಊದದೆ ಪಕ್ಕದ ಗೆಳೆಯನಿಂದಲೋ, ಹೇಳಲು ನಾಚಿಕೆಯಾಗಬೇಕು, ಹಿಂದಿನ ಆಸನದ ಮಗುವಿನಿಂದಲೋ ಊದಿಸಬಹುದು; ಮುಂಚೆಯೇ ತುಂಬಿಟ್ಟ ಬಲೂನನ್ನು ಕೊಳವೆಗೆ ಹಿಡಿಯಬಹುದು; ಇದ್ದಿಲಿನಲ್ಲಿ ಸೋಸಿದ ಗಾಳಿಯನ್ನು ಕಳುಹಿಸಬಹುದು. ಇವಕ್ಕೆ ಪ್ರತಿಯಾಗಿ ಯಂತ್ರವು ಗಾಳಿಯ ಉಷ್ಣತೆಯನ್ನೂ ಒತ್ತಡವನ್ನೂ ಗಮನಿಸುತ್ತದೆ. ಕೆಲವು ಬಗೆಯವು ಊದುತ್ತಿರುವಾಗಲೇ ಗುಂಯ್ಗುಡುವಂತೆಯೋ, ಊದಿ ಮರುಕ್ಷಣವೇ ಒಳಕ್ಕೆ ಸೇದುವಂತೆಯೋ ಕೇಳುತ್ತವೆ. ಅಭ್ಯಾಸವಿಲ್ಲದವನಿಗೆ ಇದು ಮೊದಲ ಸಲಕ್ಕೆ ಸಾಧಿಸದು, ಬಲೂನಿಗಂತೂ ಎಂದೂ ಸಾಧಿಸದು. ಈಚೆಗೆ ಅನೇಕ ಸಂಸ್ಥಾನಗಳಲ್ಲಿ ಊದುವವನ ಭಾವಚಿತ್ರವನ್ನು ತೆಗೆಯುವ ಕ್ಯಾಮೆರಾವನ್ನೂ ಜೋಡಿಸಿದ್ದಾರೆ. ಎಲ್ಲಕ್ಕಿಂತ ಪರಿಣಾಮಕಾರಿಯಾದುದು ಹಾದಿಯಲ್ಲಿನ ಮರುಪರೀಕ್ಷೆ: ಹೊರಟ ಕೆಲವೇ ನಿಮಿಷಗಳಲ್ಲಿ ಒಮ್ಮೆಯೂ, ಅನಂತರ ಮುಂಚಿತವಾಗಿ ತಿಳಿಯದ ಹೊತ್ತುಗಳಲ್ಲಿ ಮತ್ತೆ ಮತ್ತೆಯೂ, ಯಂತ್ರವು ಉಸಿರನ್ನು ಕೇಳುತ್ತದೆ; ಮದ್ಯದ ಅಂಗಡಿಯ ಮುಂದೆ ಎಂಜಿನ್ನನ್ನು ಆರಿಸದೆ ಬಿಟ್ಟು ಒಳಹೋದವನು ಇದರಲ್ಲಿ ಸಿಕ್ಕಿಬೀಳುತ್ತಾನೆ. ಮರುಪರೀಕ್ಷೆಯಲ್ಲಿ ಸೋತರೆ ಓಡುತ್ತಿರುವ ಎಂಜಿನ್ನು ನಿಂತುಬಿಡುತ್ತದೆಂದು ಹಲವರು ಭಾವಿಸಿರುವುದುಂಟು. ಹಾಗೆ ಮಾಡಿದರೆ ಹೆದ್ದಾರಿಯ ನಡುವೆ ನಿಶ್ಶಕ್ತವಾದ ಕಾರು ಎಲ್ಲರಿಗೂ ಅಪಾಯವಾಗುವುದರಿಂದ, ಯಂತ್ರವು ಹಾರನ್ನು ಬಾರಿಸಿ ದೀಪಗಳನ್ನು ಮಿನುಗಿಸಿ ಲೋಕಕ್ಕೆಲ್ಲ ಸಾರುವುದಕ್ಕೆ ತೃಪ್ತಿಪಡುತ್ತದೆ.

ನಿರಪರಾಧಿಯಾಗಿಯೂ ಸೋಲುವ ಸಂದರ್ಭವೊಂದು ಉಂಟು. ಬಾಯಿ ಮುಕ್ಕಳಿಸುವ ಕೆಲವು ಔಷಧಗಳಲ್ಲಿ ಮದ್ಯಸಾರವಿರುತ್ತದೆ. ಅದರ ಆವಿಯು ಬಾಯಿಯ ತೇವದಿಂದಲೇ ಏಳುವುದರಿಂದ, ರಕ್ತದಲ್ಲಿ ಏನೂ ಇಲ್ಲದಿದ್ದರೂ ಯಂತ್ರವು ದೊಡ್ಡ ಸಂಖ್ಯೆಯನ್ನು ತೋರಿಸುತ್ತದೆ. ಬಾಯಿಯ ಮದ್ಯಸಾರ ಸುಮಾರು ಹದಿನೈದು ನಿಮಿಷಗಳಲ್ಲಿ ಆರಿಹೋಗುತ್ತದೆ, ರಕ್ತದ್ದು ಆರುವುದಿಲ್ಲ. ನೀರಿನಿಂದ ಮುಕ್ಕಳಿಸಿ ಕೊಂಚ ಕಾದು ಮತ್ತೆ ಊದಿದರೆ ನಿಜವು ತಾನಾಗಿ ಹೊರಬೀಳುತ್ತದೆ.

ರಕ್ತದ್ದು ಏಕೆ ಆರುವುದಿಲ್ಲವೆಂಬುದನ್ನು ತಿಳಿಯದಿದ್ದರೆ ಈ ಯಂತ್ರದ ಅತ್ಯಂತ ಬೆಲೆಯುಳ್ಳ ಗುಣವು ಅರ್ಥವಾಗುವುದಿಲ್ಲ. ಯಕೃತ್ತಿನಲ್ಲಿ ಮದ್ಯಸಾರವನ್ನು ಒಡೆಯುವ ಕಿಣ್ವವು ಅಲ್ಪ ಪ್ರಮಾಣಕ್ಕೇ ತನ್ನ ಶಕ್ತಿಯ ಎಲ್ಲೆಯನ್ನು ಮುಟ್ಟುವುದರಿಂದ, ಕುಡಿದದ್ದು ಹೆಚ್ಚಾಯಿತೆಂದು ಅದು ಹೆಚ್ಚು ವೇಗವಾಗಿ ದುಡಿಯಲಾರದು. ಗಂಟೆಗೆ 100 ಮಿಲಿಲೀಟರು ರಕ್ತದಲ್ಲಿ ಹೆಚ್ಚುಕಡಮೆ 15 ಮಿಲಿಗ್ರಾಮಿನಂತೆ ಇಳಿಯುತ್ತದೆ, ಕಾಫಿ ಕುಡಿದರೂ ಅಷ್ಟೆ, ತಣ್ಣೀರು ಮಿಂದರೂ ಅಷ್ಟೆ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಗ್ರಂಥರೂಪದಲ್ಲಿ ಕೊಟ್ಟ ಸೂತ್ರವನ್ನು ಅನುಸರಿಸಿ ಒಂದು ಲೆಕ್ಕ ಹಾಕೋಣ. 70 ಕಿಲೋ ತೂಕದ ಗಂಡಸೊಬ್ಬನು ರಾತ್ರಿ ಎಂಟರಿಂದ ನಡುರಾತ್ರಿಯವರೆಗೆ ನೂರು ಗ್ರಾಂ ಶುದ್ಧ ಮದ್ಯಸಾರವನ್ನು, ಎಂದರೆ ವಿಸ್ಕಿಯ ಐದು ದೊಡ್ಡ ಪೆಗ್ಗುಗಳಲ್ಲಿ ಇರುವಷ್ಟನ್ನು, ಕುಡಿದನೆನ್ನಿ. ತೂಕವನ್ನು ವಿಡ್‌ಮಾರ್ಕನ 0.68 ಎಂಬ ಅಂಶದಿಂದ ಗುಣಿಸಿ, ಬಂದ ಸಂಖ್ಯೆಯಿಂದ ಆ ನೂರು ಗ್ರಾಮನ್ನು ಭಾಗಿಸಿದರೆ, ದೇಹವು ಏನನ್ನೂ ಕಳೆಯದಿದ್ದ ಪಕ್ಷದಲ್ಲಿ ಅವನ 100 ಮಿಲಿಲೀಟರು ರಕ್ತದಲ್ಲಿ 210 ಮಿಲಿಗ್ರಾಂ ಇರಬೇಕು. ಬೆಳಗಿನ ಏಳಕ್ಕೆ ಹನ್ನೊಂದು ಗಂಟೆಗಳು ಕಳೆದು 165 ಹೋಗಿ 45 ಉಳಿಯುತ್ತದೆ. ಅವನು ನಿದ್ದೆ ಮಾಡಿದ್ದಾನೆ, ಸ್ನಾನ ಮಾಡಿದ್ದಾನೆ, ತಿಂಡಿ ತಿಂದಿದ್ದಾನೆ, ತನಗೆ ಅಮಲಿಲ್ಲವೆಂದು ಮನಃಪೂರ್ವಕವಾಗಿ ನಂಬಿದ್ದಾನೆ, ಕಾರು ಹೊರಡುವುದಿಲ್ಲ.

ಇಂಟರ್‌ಲಾಕಿನ ಸ್ಮೃತಿಕೋಶದಲ್ಲಿ ಇಂಥ ಪ್ರತಿಯೊಂದು ಊದುವಿಕೆಯೂ ದಿನ, ಗಂಟೆ, ಫಲಿತಾಂಶಗಳೊಡನೆ ದಾಖಲಾಗುತ್ತದೆ. ಒಂದೆರಡು ತಿಂಗಳಿಗೊಮ್ಮೆ ಯಂತ್ರವನ್ನು ಅಳತೆ ಸರಿನೋಡಿಸಲು ಒಯ್ದಾಗ ಈ ದಿನಚರಿಯನ್ನು ಇಳಿಸಿಕೊಂಡು ಅಧಿಕಾರಿಗಳಿಗೆ ಕಳುಹಿಸುತ್ತಾರೆ. ಕೆನಡಾದ ಆಲ್ಬರ್ಟಾ ಮತ್ತು ಕ್ವಿಬೆಕ್ ಪ್ರಾಂತಗಳ ಇಂಥ ದಿನಚರಿಗಳನ್ನು ಪರಿಶೀಲಿಸಿದ ಪಾಲ್ ಮಾರ್ಕೆಸ್, ರಾಬರ್ಟ್ ವೋವಾಸ್ ಮೊದಲಾದ ಸಂಶೋಧಕರು ಕಂಡುಕೊಂಡದ್ದೇನೆಂದರೆ, ಸೋತ ಪರೀಕ್ಷೆಗಳು ಯಾರ ದಿನಚರಿಯಲ್ಲಿ ಹೆಚ್ಚಾಗಿವೆಯೋ, ವಿಶೇಷವಾಗಿ ಬೆಳಗಿನ ಹೊತ್ತಿನ ಸೋಲುಗಳು ಯಾರಲ್ಲಿ ಕಾಣುತ್ತವೆಯೋ, ಅವರೇ ಯಂತ್ರವನ್ನು ತೆಗೆದ ಮೇಲೆ ಮತ್ತೆ ಕುಡಿದು ಓಡಿಸಿ ಸಿಕ್ಕಿಬೀಳುವವರಲ್ಲಿ ಮುಂದು. ಸಂಜೆಯ ಸೋಲು ಒಂದು ದಿನದ ಅವಿವೇಕವಿರಬಹುದು. ಬೆಳಗಿನ ಸೋಲು ಹಿಂದಿನ ರಾತ್ರಿಯ ಪ್ರಮಾಣವನ್ನು ಹೇಳುತ್ತದೆ.

ಯಂತ್ರದಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರವು ವಿಚಿತ್ರವಾಗಿ ಇಬ್ಬಗೆಯದು. ಮೇರಿಲೆಂಡ್ ಸಂಸ್ಥಾನದಲ್ಲಿ ಪದೇ ಪದೇ ತಪ್ಪಿದ ಚಾಲಕರನ್ನು ಯದೃಚ್ಛೆಯಾಗಿ ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರ ಇಂಟರ್‌ಲಾಕನ್ನು ವಿಧಿಸಿ ನಡೆಸಿದ, 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ ವರ್ಷದ ಪುನರಪರಾಧದ ಸಂಭವವು ಶೇಕಡಾ 65ರಷ್ಟು ತಗ್ಗಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಸಮೀಕ್ಷೆಯಲ್ಲಿ ಈ ಇಳಿಕೆಯ ಮಧ್ಯಮ ಮೌಲ್ಯ ಶೇಕಡಾ 67. ಎಲ್ಲ ಅಪರಾಧಿಗಳಿಗೂ ಇದನ್ನು ಕಡ್ಡಾಯ ಮಾಡಿದ ಸಂಸ್ಥಾನಗಳಲ್ಲಿ, ಮದ್ಯಸಂಬಂಧವಾದ ಅಪಘಾತಮರಣಗಳು ಉಳಿದೆಡೆಗಿಂತ ಶೇಕಡಾ 15ರಷ್ಟು ಕಡಮೆಯೆಂದು 2016ರ ಅಧ್ಯಯನವೊಂದು ತಿಳಿಸಿತು. ಆದರೆ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2004ರ ಸಮೀಕ್ಷೆಯು ಅಷ್ಟೇ ಸ್ಪಷ್ಟವಾಗಿ ಹೇಳಿದ ಇನ್ನೊಂದು ಮಾತೆಂದರೆ, ಯಂತ್ರವನ್ನು ಕಳಚಿದ ಮೇಲೆ ಈ ಲಾಭವು ಉಳಿಯುವುದಿಲ್ಲ. ಯಂತ್ರವನ್ನು ಕಳಚಿಸಿಕೊಂಡವನೂ ಅದನ್ನು ಎಂದೂ ಕಾಣದವನೂ ಒಂದೇ ಆಗಿಬಿಡುತ್ತಾರೆ.

ಇದನ್ನು ಹಿಡಿದು ಯಂತ್ರವನ್ನು ನಿಷ್ಫಲವೆನ್ನುವವರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಾಗದು. ಕುಡಿತವನ್ನು ಬಿಡಿಸುವೆನೆಂದು ಈ ಯಂತ್ರವು ಯಾರಿಗೂ ಮಾತುಕೊಟ್ಟಿಲ್ಲ. ಕುಡಿದ ಕೈಗೆ ಗಾಡಿಯನ್ನು ಕೊಡೆನೆಂದಷ್ಟೇ ಹೇಳಿದೆ, ಹೇಳಿದಂತೆ ನಡೆದುಕೊಂಡಿದೆ. ದೋಷವಿರುವುದು ಅದನ್ನು ಯಾವಾಗ ಕಳಚಬೇಕೆಂಬುದನ್ನು ಪಂಚಾಂಗಕ್ಕೆ ಒಪ್ಪಿಸಿದವರಲ್ಲಿ. ಆರು ತಿಂಗಳೆಂದು ಬರೆದ ಆದೇಶವು ಆರು ತಿಂಗಳಿಗೆ ಮುಗಿಯುತ್ತದೆ, ಕೊನೆಯ ವಾರದ ದಿನಚರಿಯಲ್ಲಿ ಬೆಳಗಿನ ಸೋಲುಗಳು ಸಾಲುಗಟ್ಟಿದ್ದರೂ ಮುಗಿಯುತ್ತದೆ. ವಾಷಿಂಗ್ಟನ್ ಸಂಸ್ಥಾನದಂಥ ಕೆಲವೆಡೆ ಮಾತ್ರ, ಅವಧಿಯ ಕೊನೆಯ ಕೆಲವು ತಿಂಗಳು ಒಂದೂ ಉಲ್ಲಂಘನೆಯಿಲ್ಲದೆ ಕಳೆದಲ್ಲದೆ ಯಂತ್ರವನ್ನು ಬಿಚ್ಚಕೂಡದೆಂಬ ವಿವೇಕದ ನಿಯಮವುಂಟು. ಫ್ಲಾರಿಡಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇಲಿಂದ ಮೇಲೆ ಸೋತವರನ್ನು ಕುಡಿತದ ಚಿಕಿತ್ಸೆಗೆ ಕಳುಹಿಸಿದರು. ಹಾಗೆ ಚಿಕಿತ್ಸೆ ಪಡೆದವರಲ್ಲಿ, ಯಂತ್ರ ಹೋದ ಮೇಲೂ ಪುನರಪರಾಧವು ಶೇಕಡಾ 32ರಷ್ಟು ಕಡಮೆಯಾಗಿ ಉಳಿಯಿತು.

ಮತ್ತೊಂದು ಕುಂದನ್ನು ಹೇಳದೆ ಬಿಡುವಂತಿಲ್ಲ. ಆದೇಶ ಪಡೆದವರಲ್ಲಿ ದೊಡ್ಡ ಪಾಲಿನವರು ಯಂತ್ರವನ್ನು ಹಾಕಿಸಿಕೊಳ್ಳುವುದೇ ಇಲ್ಲ: ತಮ್ಮ ಹೆಸರಿನಲ್ಲಿ ಕಾರಿಲ್ಲವೆನ್ನುತ್ತಾರೆ, ಹೆಂಡತಿಯ ಕಾರನ್ನು ಓಡಿಸುತ್ತಾರೆ. ಹಾಕಿಸಿಕೊಳ್ಳಲು ತಗಲುವ ಖರ್ಚು ಬೇರೆ, ತಿಂಗಳ ಬಾಡಿಗೆ 60ರಿಂದ 90 ಡಾಲರು ಬೇರೆ. ಇದನ್ನು ತೆರಬೇಕಾದವನು ಅಪರಾಧಿಯೇ. ಬಡವನಿಗೆ ಇದು ಭಾರವೆಂಬುದನ್ನು ಕಂಡು ನ್ಯೂ ಮೆಕ್ಸಿಕೋ ಒಂದು ನೆರವಿನ ನಿಧಿಯನ್ನು ಮಾಡಿತು. ಅಲ್ಲಿನದೇ ಆದ ಸಾಂಟಾ ಫೆ ಜಿಲ್ಲೆಯ ನ್ಯಾಯಾಧೀಶರು, ಯಂತ್ರ ಬೇಡವಾದರೆ ಗೃಹಬಂಧನವೆಂದು ಆಯ್ಕೆ ಕೊಟ್ಟಾಗ, ಕಾರಿಲ್ಲವೆಂದಿದ್ದ ಅನೇಕರಿಗೆ ಕಾರು ಒದಗಿಬಂದಿತು.

ಅಪರಾಧಿಗಳ ಕಾರಿನಿಂದ ಹೊರಟ ಈ ಉಪಕರಣವು ಈಗ ನಿರಪರಾಧಿಗಳ ವಾಹನವನ್ನೂ ಏರುತ್ತಿದೆ. ಫ್ರಾನ್ಸಿನಲ್ಲಿ ಮಕ್ಕಳನ್ನು ಒಯ್ಯುವ ಹೊಸ ಬಸ್ಸುಗಳಿಗೆ 2010ರಿಂದಲೂ, ಫಿನ್ಲೆಂಡಿನಲ್ಲಿ ಶಾಲಾವಾಹನಗಳಿಗೆ 2011ರಿಂದಲೂ ಇದು ಕಡ್ಡಾಯ. ಐರೋಪ್ಯ ಒಕ್ಕೂಟವು 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲಿಯೂ ಇಂಟರ್‌ಲಾಕನ್ನು ಸುಲಭವಾಗಿ ಜೋಡಿಸುವ ಏರ್ಪಾಡು ಇರತಕ್ಕದ್ದೆಂದು ವಿಧಿಸಿದೆ. ಅಮೆರಿಕದ ಶಾಸನಸಭೆಯು 2021ರಲ್ಲಿ, ಚಾಲಕನು ಊದದೆಯೇ ಅವನ ಅಮಲನ್ನು ಅರಿಯುವ ಸಾಧನವನ್ನು ಎಲ್ಲ ಹೊಸ ಕಾರುಗಳಲ್ಲಿ ತರುವ ನಿಯಮವನ್ನು ಮಾಡಬೇಕೆಂದು ಇಲಾಖೆಗೆ ಆಜ್ಞಾಪಿಸಿತು. 1974ರ ಪಾಠವನ್ನು ಆ ಜನ ಮರೆತಿದ್ದಾರೆಯೋ ಇಲ್ಲವೋ ಎಂಬುದು ಆ ನಿಯಮ ಜಾರಿಗೆ ಬಂದಾಗ ತಿಳಿಯುತ್ತದೆ.

ನಮ್ಮ ದೇಶದ 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಸೆಕ್ಷನ್ನು ಅಮೆರಿಕಕ್ಕಿಂತ ಬಹಳ ಕಟ್ಟುನಿಟ್ಟಾದ, 30 ಮಿಲಿಗ್ರಾಮಿನ, ಮಿತಿಯನ್ನು ಇಟ್ಟಿದೆ. 2019ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೆ ಆರು ತಿಂಗಳವರೆಗಿನ ಸೆರೆಮನೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಇಂಟರ್‌ಲಾಕಿನ ಪ್ರಸ್ತಾಪ ಆ ಸೆಕ್ಷನ್ನಿನಲ್ಲಿಲ್ಲ. ಮುಂದೊಂದು ದಿನ ಅದನ್ನು ಸೇರಿಸಹೊರಡುವವರು ಎರಡು ಸಂಗತಿಗಳನ್ನು ಮೊದಲೇ ಯೋಚಿಸಿಕೊಳ್ಳಬೇಕು. ಕಾರಿಗಾಗಿ ರೂಪುಗೊಂಡ ಹಾದಿಯ ಮರುಪರೀಕ್ಷೆಯು, ಎರಡು ಕೈಯೂ ಹ್ಯಾಂಡಲಿನ ಮೇಲಿರಬೇಕಾದ ನಮ್ಮ ಸ್ಕೂಟರು, ಬೈಕುಗಳಿಗೆ ಹೊಂದುವುದಿಲ್ಲ; ನಮ್ಮ ರಸ್ತೆಗಳಲ್ಲಿ ಅವೇ ಹೆಚ್ಚು. ಎರಡನೆಯದಾಗಿ, ಯಂತ್ರವನ್ನು ಕೊಂಡು ತರುವಷ್ಟೇ ಹಣವನ್ನು, ಅದು ಬರೆದಿಡುವ ದಿನಚರಿಯನ್ನು ತಿಂಗಳು ತಿಂಗಳೂ ಕುಳಿತು ಓದುವ ಸಿಬ್ಬಂದಿಗೂ ತೆಗೆದಿಡಬೇಕು. ಅದಕ್ಕೆ ಹಣವಿಲ್ಲವೆಂದಾದರೆ ಯಂತ್ರವನ್ನು ತರಿಸದಿರುವುದೇ ಮೇಲು.